ಮುಂಗಾರಿಗೊಂದು ಸಮೀಕರಣ

ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಜನಗಣತಿ ನಡೆದಾಗ ಲೆಕ್ಕಕ್ಕೆ ಸಿಕ್ಕವರು ಸುಮಾರು 50.5 ಲಕ್ಷ ಜನ. 1881ರಲ್ಲಿ ಮತ್ತೆ ಎಣಿಸಿದಾಗ ಇದ್ದವರು 41.8 ಲಕ್ಷ. ನಡುವೆ ಹುಟ್ಟಿದ ಮಕ್ಕಳನ್ನೆಲ್ಲ ಸೇರಿಸಿಕೊಂಡ ಮೇಲೂ ಇಷ್ಟು ಕಡಿಮೆ. ಈ ಎರಡು ಎಣಿಕೆಗಳ ನಡುವೆ ಬಂದು ಹೋದದ್ದು ನಮ್ಮ ಹಿರಿಯರು ಸಂವತ್ಸರಗಳ ಹೆಸರು ಹಿಡಿದೇ ನೆನೆಯುತ್ತಿದ್ದ ಧಾತು ಈಶ್ವರ ಬರ. 1876ರಲ್ಲಿ ಮುಂಗಾರು ಕೈಕೊಟ್ಟಿತು. ಹಿಂಗಾರಾದರೂ ಕೈಹಿಡಿದೀತು ಎಂದು ಕಾದರೆ ಅದೂ ಬರಲಿಲ್ಲ. ಮರುವರ್ಷದ ಮುಂಗಾರಿನ ಮೇಲೆ ಎಲ್ಲರ ಕಣ್ಣು ನೆಟ್ಟಿದ್ದಾಗ ಅದೂ ಹಿಂದೆ ಸರಿಯಿತು. ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಬಳ್ಳಾರಿ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು. ಊರೂರುಗಳೇ ಗುಳೆ ಹೊರಟವು. ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣಿನ ಕೆಲಸ ಬರ ಪರಿಹಾರದ ಕಾಮಗಾರಿಯಾಗಿ ಶುರುವಾಯಿತು. ಮದ್ರಾಸ್ ಸೀಮೆಯ ಪರಿಹಾರ ಶಿಬಿರಗಳಲ್ಲಿ ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ದುಡಿಯುವ ಆಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ಗೊತ್ತುಮಾಡಿದ. ಅದೇ ಚಳಿಗಾಲ, 1877ರ ಜನವರಿ 1ರಂದು, ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಯಿತು.

ಆ ಎರಡು ವರ್ಷ ಹಸಿವು ನಮ್ಮ ಸೀಮೆಗಷ್ಟೇ ಬಂದಿರಲಿಲ್ಲ. ಉತ್ತರ ಚೀನಾದಲ್ಲಿ ಬರ, ಬ್ರೆಜಿಲ್ಲಿನ ಈಶಾನ್ಯ ಭಾಗದಲ್ಲಿ ಬರ. ಈಜಿಪ್ಟಿನಲ್ಲಿ ನೈಲ್ ನದಿಗೆ ಬರಬೇಕಾದ ನೆರೆಯೂ ಬರಲಿಲ್ಲ. ಪೆರು ದೇಶದ ಕರಾವಳಿಯಲ್ಲಿ ಮಾತ್ರ, ಸದಾ ತಣ್ಣಗಿರುವ ಶಾಂತಸಾಗರದ ನೀರು ಅಸಾಧಾರಣವಾಗಿ ಬಿಸಿಯೇರಿ ಕೂತಿತ್ತು. ಈ ಎಲ್ಲವೂ ಒಂದೇ ಕಾರಣಕ್ಕೆ ಕಟ್ಟುಬಿದ್ದ ಘಟನೆಗಳು ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ತಿಳಿಯಲು ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು. ಆ ನೂರು ವರ್ಷದ ಬಹುಪಾಲು ಕೆಲಸ ನಡೆದದ್ದು ಪೆನ್ನು, ಕಾಗದ ಮತ್ತು ಸಂಖ್ಯಾಶಾಸ್ತ್ರದ ಬಲದಿಂದ.

ಭಾರತದ ಹವಾಮಾನ ಇಲಾಖೆ 1875ರಲ್ಲಿ, ಬರಕ್ಕೆ ಒಂದು ವರ್ಷ ಮೊದಲು, ಕಲ್ಕತ್ತೆಯಲ್ಲಿ ಆರಂಭವಾಗಿತ್ತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಮೂಲತಃ ಭೂವಿಜ್ಞಾನಿ. ಬರದ ನಂತರ ಕೂತ ಕ್ಷಾಮ ಆಯೋಗ ಕೇಳಿದ ಪ್ರಶ್ನೆಗಳಲ್ಲಿ ಒಂದು ನೇರವಾಗಿ ಇವನ ಮೇಜಿಗೆ ಬಂತು: ಮಳೆ ಬರುವುದಿಲ್ಲವೆಂದು ಮೊದಲೇ ಹೇಳಲು ಸಾಧ್ಯವೇ? ಬ್ಲಾನ್‌ಫೋರ್ಡ್ ಹಿಮಾಲಯದತ್ತ ನೋಡಿದ. ವಸಂತದಲ್ಲಿ ಬೆಟ್ಟಗಳ ಮೇಲೆ ಹಿಮ ಹೆಚ್ಚು ಹರಡಿದ್ದರೆ ನೆಲ ಕಾಯುವುದು ತಡವಾಗುತ್ತದೆ, ಒಣಗಾಳಿ ಬೀಸುತ್ತದೆ, ಮುಂಗಾರು ಸೊರಗುತ್ತದೆ ಎಂಬುದು ಅವನ ಊಹೆ. 1884ರಲ್ಲಿ ಇದನ್ನು ರಾಯಲ್ ಸೊಸೈಟಿಗೆ ಬರೆದು ಕಳಿಸಿದ. ನಾಲ್ಕು ವರ್ಷ ಪ್ರಯೋಗಕ್ಕೆಂದು ಮುನ್ಸೂಚನೆ ಕೊಟ್ಟು ನೋಡಿ, 1886ರ ಜೂನ್ 4ರಂದು ಮೊದಲ ಅಧಿಕೃತ ಮುಂಗಾರು ಮುನ್ಸೂಚನೆಯನ್ನು ಹೊರಡಿಸಿದ. ಇಡೀ ಋತುವಿನ ಮಳೆಯನ್ನು ಸರ್ಕಾರವೊಂದು ಮುಂಚಿತವಾಗಿ ಹೇಳಲು ಹೊರಟದ್ದು ಜಗತ್ತಿನಲ್ಲೇ ಹೊಸದು. ಬರದಲ್ಲಿ ಸತ್ತವರ ಲೆಕ್ಕ ಬೆನ್ನ ಹಿಂದೆ ಇಲ್ಲದಿದ್ದರೆ ಇಂಥ ಸಾಹಸಕ್ಕೆ ಯಾರೂ ಕೈಹಾಕುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಬ್ಲಾನ್‌ಫೋರ್ಡ್ ನಂತರ ಬಂದ ಜಾನ್ ಎಲಿಯಟ್ ಹಿಮದ ಜೊತೆಗೆ ಹಿಂದೂ ಮಹಾಸಾಗರ ಮತ್ತು ಆಸ್ಟ್ರೇಲಿಯಾದ ಹವೆಯನ್ನೂ ಗಣನೆಗೆ ತಂದ. ಅವನ ಮುನ್ಸೂಚನೆಗಳು ಪುಟಗಟ್ಟಲೆ ಬೆಳೆದವು. ಆದರೆ ಅವುಗಳ ಹಿಂದಿದ್ದದ್ದು ಅನುಭವಿಯೊಬ್ಬನ ಅಂದಾಜು. ಯಾವ ಸಂಗತಿಗೆ ಎಷ್ಟು ತೂಕ ಎಂದು ಅಳೆಯುವ ಉಪಾಯ ಅವನ ಬಳಿ ಇರಲಿಲ್ಲ. 1899ರಲ್ಲಿ ಅವನು ಒಳ್ಳೆಯ ಮಳೆಯ ಭರವಸೆ ಕೊಟ್ಟ. ದೇಶದ ಒಟ್ಟು ಮಳೆ ಸುಮಾರು ಕಾಲುಭಾಗ ಕಡಿಮೆಯಾಯಿತು. ರಾಜಸ್ಥಾನದಲ್ಲಿ ವಿಕ್ರಮ ಸಂವತ್ 1956ರ ಹೆಸರಿನಲ್ಲಿ ಇಂದಿಗೂ ಜನ ನೆನೆಯುವ ಛಪ್ಪನಿಯಾ ಬರ ಅದೇ. ಪತ್ರಿಕೆಗಳು ಇಲಾಖೆಯ ಮೇಲೆ ಮುಗಿಬಿದ್ದವು. ಅನಂತರ ಕೆಲವು ವರ್ಷ ಮುನ್ಸೂಚನೆಯನ್ನು ಜನರಿಗೆ ತಿಳಿಸುವುದನ್ನೇ ನಿಲ್ಲಿಸಿ, ಸರ್ಕಾರದೊಳಗೆ ಮಾತ್ರ ಗುಟ್ಟಾಗಿ ಹಂಚಲಾಯಿತು.

ನಿವೃತ್ತಿಗೆ ಮುನ್ನ ಎಲಿಯಟ್ ಮಾಡಿದ ಒಂದು ಕೆಲಸ ಮಾತ್ರ ದೊಡ್ಡದು. ತನ್ನ ಜಾಗಕ್ಕೆ ಹವಾಮಾನ ಬಲ್ಲವನನ್ನು ಹುಡುಕದೆ ಗಣಿತ ಬಲ್ಲವನನ್ನು ಹುಡುಕಿದ.

ಗಿಲ್ಬರ್ಟ್ ವಾಕರ್ 1868ರಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತ್ಯದ ರಾಚ್‌ಡೇಲ್‌ನಲ್ಲಿ ಹುಟ್ಟಿದವನು. 1889ರಲ್ಲಿ ಕೇಂಬ್ರಿಜ್ ಗಣಿತ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದಿದ್ದ. ಬೂಮರಾಂಗ್ ಎಸೆದು, ಅದು ಯಾಕೆ ಹಾಗೆ ತಿರುಗಿ ಬರುತ್ತದೆ ಎಂದು ಸಮೀಕರಣ ಬರೆಯುತ್ತ ಕಾಲೇಜಿನ ಅಂಗಳದಲ್ಲಿ ಹೆಸರು ಮಾಡಿದ್ದ. ಕೊಳಲಿನ ರಚನೆಯ ಬಗ್ಗೆಯೂ ಅವನಿಗೆ ಅಷ್ಟೇ ಆಸಕ್ತಿ. ಹವಾಮಾನದ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. 1903ರಲ್ಲಿ ಭಾರತಕ್ಕೆ ಬಂದ, 1904ರ ಜನವರಿಯಲ್ಲಿ ಇಲಾಖೆಯ ಮಹಾನಿರ್ದೇಶಕನಾದ. ಬಳಿಕ ಕೇಂದ್ರ ಕಚೇರಿ ಕಲ್ಕತ್ತೆಯಿಂದ ಸಿಮ್ಲಾಕ್ಕೆ ಹೋಯಿತು. ಮುಂದಿನ ಇಪ್ಪತ್ತು ವರ್ಷ ಅವನು ಅಲ್ಲೇ ಇದ್ದ.

ಭೌತಶಾಸ್ತ್ರದ ನಿಯಮಗಳಿಂದ ಮುಂಗಾರನ್ನು ಬಿಡಿಸಿ ಹೇಳುವುದು ಆ ಕಾಲಕ್ಕೆ ಆಗದ ಮಾತು ಎಂದು ವಾಕರ್‌ಗೆ ಬಹುಬೇಗ ಮನವರಿಕೆಯಾಯಿತು. ಮೇಲಿನ ವಾಯುಮಂಡಲದಲ್ಲಿ ಏನು ನಡೆಯುತ್ತದೆ ಎಂಬ ಮಾಹಿತಿಯೇ ಇರಲಿಲ್ಲ. ಇದ್ದದ್ದು ನೆಲದ ಮೇಲಿನ ದಾಖಲೆ: ಜಗತ್ತಿನ ಹತ್ತಾರು ಊರುಗಳಲ್ಲಿ ದಶಕಗಳಿಂದ ಬರೆದಿಟ್ಟ ವಾಯುಭಾರ, ಉಷ್ಣತೆ, ಮಳೆ. ಲಂಡನ್ನಿನಲ್ಲಿ ಕಾರ್ಲ್ ಪಿಯರ್ಸನ್ ಆಗಷ್ಟೇ ಹರಿತಗೊಳಿಸಿದ್ದ ಸಹಸಂಬಂಧ ಗುಣಾಂಕ ಎಂಬ ಅಳತೆಗೋಲು ಅವನ ಕೈಯಲ್ಲಿತ್ತು. ಎರಡು ಸಂಗತಿಗಳು ಒಟ್ಟಿಗೆ ಏರಿ ಇಳಿಯುತ್ತವೆಯೇ, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆಯೇ, ಅಥವಾ ಒಂದಕ್ಕೊಂದು ಏನೂ ಸಂಬಂಧವಿಲ್ಲವೇ ಎಂಬುದನ್ನು ಅದು ಒಂದು ಸಂಖ್ಯೆಯಲ್ಲಿ ಹೇಳುತ್ತದೆ. ಪೂರ್ತಿ ಹೊಂದಿಕೊಂಡರೆ 1, ಪೂರ್ತಿ ಎದುರುಬದುರಾದರೆ ಮೈನಸ್ 1, ಸಂಬಂಧವೇ ಇಲ್ಲದಿದ್ದರೆ ಸೊನ್ನೆ.

ಈ ಒಂದು ಸಂಖ್ಯೆ ತೆಗೆಯಲು ಎಷ್ಟು ದುಡಿಮೆ ಬೇಕಿತ್ತೆಂದು ನೋಡಬೇಕು. ದಕ್ಷಿಣ ಅಮೆರಿಕದ ವಸಂತದ ವಾಯುಭಾರಕ್ಕೂ ನಮ್ಮ ಮುಂಗಾರಿಗೂ ನಲವತ್ತು ವರ್ಷದ ಸಂಬಂಧ ತಿಳಿಯಬೇಕು ಎನ್ನಿ. ಮೊದಲು ಎರಡೂ ಸಾಲುಗಳ ಸರಾಸರಿ ತೆಗೆಯಬೇಕು. ಆಮೇಲೆ ಪ್ರತಿ ವರ್ಷದ ಅಂಕಿ ಸರಾಸರಿಯಿಂದ ಎಷ್ಟು ದೂರ ಎಂದು ಎಂಬತ್ತು ಸಲ ಕಳೆಯಬೇಕು, ಎಂಬತ್ತು ಸಲ ವರ್ಗ ಮಾಡಬೇಕು, ಆ ವರ್ಷದ ಎರಡು ಅಂತರಗಳನ್ನು ನಲವತ್ತು ಸಲ ಗುಣಿಸಬೇಕು, ಎಲ್ಲ ಕೂಡಬೇಕು, ವರ್ಗಮೂಲ ತೆಗೆದು ಭಾಗಿಸಬೇಕು. ಒಂದು ಕಡೆ ಕೂಡುವುದು ತಪ್ಪಿದರೆ ಮತ್ತೆ ಮೊದಲಿನಿಂದ. ಹೀಗೆ ಒಂದು ಜೋಡಿ. ವಾಕರ್ ನೋಡಿದ್ದು ನೂರಾರು ಜೋಡಿಗಳನ್ನು. ಅದರಲ್ಲೂ ಒಂದೊಂದು ಜೋಡಿಯನ್ನು ಒಂದು ಋತು ಮುಂಚೆ, ಎರಡು ಋತು ಮುಂಚೆ, ಒಂದು ಋತು ನಂತರ ಎಂದು ಜರುಗಿಸಿ ಜರುಗಿಸಿ ನೋಡಿದ. ಇದನ್ನೆಲ್ಲ ಕೈಯಲ್ಲಿ ಮಾಡಿದವರು ಇಲಾಖೆಯ ಭಾರತೀಯ ಗುಮಾಸ್ತರು. ಹವಾಮಾನ ವಿಜ್ಞಾನದ ಚರಿತ್ರೆಯಲ್ಲಿ ವಾಕರ್ ಹೆಸರಿಗೆ ಸಿಕ್ಕ ಗೌರವದಲ್ಲಿ ಇವರಿಗೂ ಪಾಲಿದೆ. ಆ ಪಾಲು ಅವರಿಗೆ ಇನ್ನೂ ಸಂದಿಲ್ಲ.

ಗಣಿತದ ಕಣ್ಣು ಅವನಿಗೆ ಎಷ್ಟಿತ್ತೆಂಬುದಕ್ಕೆ ಇನ್ನೊಂದು ಸಂಗತಿ. 1913ರ ಫೆಬ್ರವರಿಯಲ್ಲಿ ಅವನು ಕೆಲಸದ ಮೇಲೆ ಮದ್ರಾಸಿಗೆ ಹೋಗಿದ್ದಾಗ ಬಂದರು ಟ್ರಸ್ಟಿನ ಗುಮಾಸ್ತನೊಬ್ಬನ ನೋಟ್‌ಪುಸ್ತಕವನ್ನು ತೋರಿಸಿದರು. ಅದನ್ನು ನೋಡಿದ ವಾಕರ್, ಈ ಯುವಕನಿಗೆ ದುಡಿಮೆಯ ಚಿಂತೆಯಿಲ್ಲದೆ ಗಣಿತ ಮಾಡಲು ವಿದ್ಯಾರ್ಥಿವೇತನ ಕೊಡಬೇಕೆಂದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದ. ಆ ಗುಮಾಸ್ತ ಶ್ರೀನಿವಾಸ ರಾಮಾನುಜನ್. ತಿಂಗಳಿಗೆ 75 ರೂಪಾಯಿಯ ವಿದ್ಯಾರ್ಥಿವೇತನ ಮಂಜೂರಾಯಿತು.

ವಾಕರ್ ಮಾಡಿದ ಕೆಲಸದಲ್ಲಿ ನನಗೆ ಅತಿ ದೊಡ್ಡದೆನಿಸುವುದು 1914ರ ಒಂದು ಪ್ರಬಂಧ. ಅದು ಅವನ ಪ್ರಸಿದ್ಧ ಬರಹವಲ್ಲ. ಅಲ್ಲಿ ಅವನು ತನ್ನ ವಿಧಾನವನ್ನು ತಾನೇ ಅನುಮಾನಿಸಿದ. ನೂರು ಕಡೆಯ ದಾಖಲೆ ತಂದು ಇಪ್ಪತ್ತು ವರ್ಷದ ಮಳೆಯೊಂದಿಗೆ ಹೋಲಿಸಿದೆವು, ಅದರಲ್ಲಿ ಅತಿ ಹೆಚ್ಚು ಹೊಂದಿದ್ದನ್ನು ಆರಿಸಿಕೊಂಡೆವು ಎನ್ನೋಣ. ಆ ನೂರೂ ಮಳೆಗೆ ಕಿಂಚಿತ್ತೂ ಸಂಬಂಧವಿಲ್ಲದವಾದರೂ, ಬರೀ ಆಕಸ್ಮಿಕದಿಂದಲೇ ಅವುಗಳಲ್ಲಿ ಒಂದರ ಗುಣಾಂಕ 0.6ರ ಸಮೀಪಕ್ಕೆ ಹೋಗಿಬಿಡುತ್ತದೆ. ಒಂದೇ ಜೋಡಿಯನ್ನು ನೋಡಿ 0.6 ಸಿಕ್ಕರೆ ಅದು ಗಟ್ಟಿ ಸಾಕ್ಷ್ಯ; ನೂರರಲ್ಲಿ ಆರಿಸಿ ತೆಗೆದ 0.6ಕ್ಕೆ ಆ ಬೆಲೆಯಿಲ್ಲ. ಎಷ್ಟು ಹುಡುಕಿದೆವು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಸಿಕ್ಕಿದ್ದರ ಬೆಲೆ ಕಟ್ಟಬೇಕು ಎಂದು ವಾಕರ್ ಅದಕ್ಕೊಂದು ಪರೀಕ್ಷೆಯನ್ನೇ ರೂಪಿಸಿದ. ಇಂದು ವಂಶವಾಹಿಗಳ ಸಂಶೋಧನೆಯಿಂದ ಔಷಧ ಪರೀಕ್ಷೆಯವರೆಗೆ ಎಲ್ಲರನ್ನೂ ಕಾಡುವ ಪ್ರಶ್ನೆ ಇದೇ. ಅದನ್ನು ಮಳೆಯ ವಿಷಯದಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಎತ್ತಿದವನ ಎಚ್ಚರಿಕೆಯನ್ನು ಅವನ ನಂತರದವರು ಪದೇ ಪದೇ ಮರೆತರು.

ಜೋಡಿ ಜೋಡಿಯಾಗಿ ನೋಡುತ್ತ ಹೋದಂತೆ ವಾಕರ್‌ಗೆ ಇಡೀ ಭೂಗೋಳದ ಒಂದು ಚಿತ್ರ ಕಾಣತೊಡಗಿತು. ಆಸ್ಟ್ರೇಲಿಯಾದ ಡಾರ್ವಿನ್, ಜಾವಾ, ಭಾರತದ ಕಡೆ ವಾಯುಭಾರ ಏರಿದ ಕಾಲದಲ್ಲಿ ಶಾಂತಸಾಗರದ ಪೂರ್ವಭಾಗದಲ್ಲಿ, ದಕ್ಷಿಣ ಅಮೆರಿಕದ ಕಡೆ, ಅದು ಇಳಿಯುತ್ತಿತ್ತು. ಅಲ್ಲಿ ಏರಿದಾಗ ಇಲ್ಲಿ ಇಳಿಯುತ್ತಿತ್ತು. ಎರಡು ಸಾಗರಗಳು ಒಂದು ತಕ್ಕಡಿಯ ಎರಡು ತಟ್ಟೆಗಳಂತೆ ಇದ್ದವು. ಇದರ ಸುಳಿವು ಹಿಂದಿನವರಿಗೂ ಸಿಕ್ಕಿತ್ತು. ಆಸ್ಟ್ರೇಲಿಯಾದ ಚಾರ್ಲ್ಸ್ ಟಾಡ್ 1888ರಲ್ಲೇ ಭಾರತದ ಬರ ಮತ್ತು ತನ್ನ ದೇಶದ ಬರ ಒಟ್ಟೊಟ್ಟಿಗೆ ಬರುವುದನ್ನು ಗಮನಿಸಿದ್ದ. ಸ್ವೀಡನ್ನಿನ ಹಿಲ್ಡೆಬ್ರಾಂಡ್ಸನ್, ಇಂಗ್ಲೆಂಡಿನ ಲಾಕಿಯರ್ ತಂದೆ-ಮಗ ವಾಯುಭಾರದ ಈ ಎದುರುಬದುರನ್ನು ಕಂಡಿದ್ದರು. ಅದನ್ನು ಸಂಖ್ಯೆಗಳಲ್ಲಿ ಹಿಡಿದು, ಅದಕ್ಕೂ ನಮ್ಮ ಮುಂಗಾರಿಗೂ ಇರುವ ನಂಟನ್ನು ಅಳೆದು, 1924ರ ಹೊತ್ತಿಗೆ ದಕ್ಷಿಣ ಆಂದೋಲನ ಎಂಬ ಹೆಸರಿಟ್ಟವನು ವಾಕರ್. ಅದೇ ವರ್ಷ ಅವನು ನಿವೃತ್ತನಾಗಿ ಲಂಡನ್ನಿಗೆ ಮರಳಿದ.

ಹೋಗುವ ಮೊದಲು ಅವನು ಬಿಟ್ಟುಹೋದ ಸಮೀಕರಣಗಳನ್ನು ಇಂದು ಓದಿದರೆ ಬೆರಗಾಗುತ್ತದೆ. ಧಾರವಾಡ, ಚಿತ್ರದುರ್ಗಗಳೂ ಸೇರಿದ ದಕ್ಷಿಣ ಪ್ರಸ್ಥಭೂಮಿಯ ಮಳೆಗೆ ಅವನು ಕೂಡಿಸಿದ ಅಂಶಗಳಲ್ಲಿ ಮುಂಗಾರಿಗೆ ಮುಂಚಿನ ದಕ್ಷಿಣ ಅಮೆರಿಕದ ವಾಯುಭಾರ ಇತ್ತು, ಆಫ್ರಿಕಾದ ಝಾಂಜಿಬಾರಿನ ಮಳೆ ಇತ್ತು, ಜಾವಾದ ಮಳೆ ಇತ್ತು. ವಾಯವ್ಯ ಭಾರತಕ್ಕೆ ಅಲಾಸ್ಕಾದ ಡಚ್ ಹಾರ್ಬರಿನ ಚಳಿಗಾಲದ ಉಷ್ಣತೆ ಮತ್ತು ಹಿಮಾಲಯದ ಹಿಮ. ಈಶಾನ್ಯ ಭಾಗದ ಮಳೆ ಯಾವ ಸೂತ್ರಕ್ಕೂ ಸಿಗುವುದಿಲ್ಲವೆಂದು ಕಂಡಾಗ ಅದನ್ನು ಮುಚ್ಚಿಡದೆ ಕೈಬಿಟ್ಟ. ಇಡೀ ದೇಶಕ್ಕೆ ಒಂದೇ ಅಂಕಿ ಕೊಡುವುದು ಸರಿಯಲ್ಲವೆಂದೂ ಅವನಿಗೆ ತಿಳಿದಿತ್ತು.

ಸಮಕಾಲೀನರಲ್ಲಿ ಹಲವರು ಅವನನ್ನು ನಂಬಲಿಲ್ಲ. ಪೆರುವಿನ ಗಾಳಿಗೂ ಪಂಜಾಬಿನ ಗೋಧಿ ಹೊಲಕ್ಕೂ ನಡುವೆ ಏನು ಕೊಂಡಿ ಎಂದು ಕೇಳಿದರೆ ವಾಕರ್ ಬಳಿ ಉತ್ತರವಿರಲಿಲ್ಲ. ಜೊತೆಗೆ ಸಮೀಕರಣಗಳು ಹಳತಾದಂತೆ ಬಲ ಕಳೆದುಕೊಂಡವು. ಅವನ ಕಾಲದಲ್ಲಿ ಗಟ್ಟಿಯಾಗಿದ್ದ ಎಷ್ಟೋ ಗುಣಾಂಕಗಳು ಮುಂದಿನ ಮೂವತ್ತು ನಲವತ್ತು ವರ್ಷಗಳಲ್ಲಿ ಸೊನ್ನೆಯತ್ತ ಜಾರಿದವು. ಇಲಾಖೆಯ ಮುಂದಿನ ಮುಖ್ಯಸ್ಥರಲ್ಲಿ ಒಬ್ಬನಾದ ಚಾರ್ಲ್ಸ್ ನಾರ್ಮಂಡ್ 1953ರಲ್ಲಿ ಇನ್ನೂ ಕಹಿಯಾದ ಸತ್ಯ ಹೇಳಿದ: ನಮ್ಮ ಮುಂಗಾರಿಗೆ ಮುಂಚಿನ ಸಂಗತಿಗಳಿಗಿಂತ ಅದರ ನಂತರದ ಸಂಗತಿಗಳ ಜೊತೆಗೇ ಹೆಚ್ಚು ನಂಟಿದೆ, ಆದ್ದರಿಂದ ಮುಂಗಾರನ್ನು ಮುನ್ನುಡಿಯುವುದಕ್ಕಿಂತ ಮುಂಗಾರಿನಿಂದ ಬೇರೆ ಕಡೆಯ ಹವೆಯನ್ನು ಮುನ್ನುಡಿಯುವುದೇ ಸುಲಭ ಎಂದು. ವಾಕರ್ ಮಾತ್ರ ಲಂಡನ್ನಿನಲ್ಲೂ ಸುಮ್ಮನಿರಲಿಲ್ಲ. ಡಾರ್ವಿನ್ನಿನ ವಾಯುಭಾರ ಒಂದು ಋತುವಿನಿಂದ ಇನ್ನೊಂದಕ್ಕೆ ತನ್ನ ನೆನಪನ್ನು ಹೇಗೆ ಒಯ್ಯುತ್ತದೆ ಎಂದು 1931ರಲ್ಲಿ ಅವನು ಬರೆದ ಸಮೀಕರಣಗಳನ್ನು ಇಂದು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಯೂಲ್–ವಾಕರ್ ಸಮೀಕರಣ ಎಂದು ಓದುತ್ತಾರೆ. ಅವು ಹುಟ್ಟಿದ್ದು ಸಾಗರದ ಮೇಲಿನ ಗಾಳಿಯ ಲೆಕ್ಕದಲ್ಲಿ ಎಂಬುದು ಅವರಲ್ಲಿ ಬಹುಮಂದಿಗೆ ಗೊತ್ತಿರುವುದಿಲ್ಲ. 1958ರ ನವೆಂಬರಿನಲ್ಲಿ ವಾಕರ್ ತೀರಿಕೊಂಡ.

ಕೊಂಡಿ ಸಿಕ್ಕಿದ್ದು ಅವನು ಹೋದ 11 ವರ್ಷದ ಮೇಲೆ. ಕ್ಯಾಲಿಫೋರ್ನಿಯಾದಲ್ಲಿದ್ದ ನಾರ್ವೆ ಮೂಲದ ಯಾಕೋಬ್ ಬ್ಯರ್ಕ್‌ನೆಸ್ 1957–58ರಲ್ಲಿ ಶಾಂತಸಾಗರದ ಬಗ್ಗೆ ಸಿಕ್ಕ ಹೊಸ ಮಾಹಿತಿಯನ್ನು ಇಟ್ಟುಕೊಂಡು ಕೂತ. ಪೆರುವಿನ ಮೀನುಗಾರರು ಎಲ್ ನಿನೊ ಎಂದು ಕರೆಯುತ್ತಿದ್ದ ಬಿಸಿನೀರು ಅವರ ಕರಾವಳಿಗೆ ಮಾತ್ರ ಸೇರಿದ್ದಲ್ಲ, ಸಮಭಾಜಕದ ಉದ್ದಕ್ಕೂ ಸಾವಿರಾರು ಕಿಲೋಮೀಟರ್ ಹಬ್ಬುವಂಥದು ಎಂದು ಅವನು ಕಂಡ. ಮಾಮೂಲು ವರ್ಷದಲ್ಲಿ ವಾಣಿಜ್ಯ ಮಾರುತಗಳು ಬಿಸಿನೀರನ್ನು ಪಶ್ಚಿಮಕ್ಕೆ ತಳ್ಳಿ ಇಂಡೊನೇಷ್ಯಾದ ಬಳಿ ಗುಡ್ಡೆಹಾಕುತ್ತವೆ. ಅಲ್ಲಿ ಗಾಳಿ ಮೇಲೇರುತ್ತದೆ, ಮೋಡ ಕಟ್ಟುತ್ತದೆ, ಆ ಗಾಳಿ ಎತ್ತರದಲ್ಲಿ ಪೂರ್ವಕ್ಕೆ ಹರಿದು ಪೆರುವಿನ ತಣ್ಣೀರಿನ ಮೇಲೆ ಇಳಿಯುತ್ತದೆ. ಎಲ್ ನಿನೊ ವರ್ಷದಲ್ಲಿ ಮಾರುತಗಳು ಸೋಲುತ್ತವೆ, ಬಿಸಿನೀರು ಪೂರ್ವಕ್ಕೆ ಸರಿಯುತ್ತದೆ, ಮೋಡಗಳೂ ಅದರ ಬೆನ್ನು ಹಿಡಿಯುತ್ತವೆ. ಗಾಳಿ ಇಳಿಯುವ ಜಾಗ ನಮ್ಮ ಕಡೆಗೆ ಬರುತ್ತದೆ. ಗಾಳಿ ಇಳಿಯುವ ಕಡೆ ಮೋಡ ಬೆಳೆಯುವುದಿಲ್ಲ. ವಾಕರ್ ಕಂಡ ವಾಯುಭಾರದ ತೊಯ್ದಾಟ ಮತ್ತು ಸಾಗರದ ಬಿಸಿ ಒಂದೇ ವ್ಯವಸ್ಥೆಯ ಎರಡು ಮುಖಗಳು ಎಂದು 1969ರಲ್ಲಿ ತೋರಿಸಿದ ಬ್ಯರ್ಕ್‌ನೆಸ್, ಆ ಗಾಳಿಯ ಸುತ್ತಾಟಕ್ಕೆ ವಾಕರ್ ಪರಿಚಲನೆ ಎಂದು ಹೆಸರಿಟ್ಟ.

ಮೂರು ವರ್ಷದಲ್ಲಿ, 1972ರಲ್ಲಿ, ಪೆರುವಿನಲ್ಲಿ ಮೀನುಗಾರಿಕೆ ಕುಸಿಯಿತು. ಭಾರತದಲ್ಲಿ ಬರ ಬಂತು. ಭಾರತದ ಹವಾಮಾನ ತಜ್ಞ ಡಿ. ಆರ್. ಸಿಕ್ಕಾ 1980ರಲ್ಲಿ ಹಳೆಯ ದಾಖಲೆಗಳನ್ನು ಎಲ್ ನಿನೊ ವರ್ಷಗಳ ಪಕ್ಕದಲ್ಲಿಟ್ಟು ನಂಟನ್ನು ನೇರವಾಗಿ ತೋರಿಸಿದರು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ಬಿ. ಪಾರ್ಥಸಾರಥಿ ಮತ್ತು ಸಂಗಡಿಗರು ದೇಶದ 306 ಮಳೆಮಾಪನ ಕೇಂದ್ರಗಳ ದಾಖಲೆ ಸೇರಿಸಿ 1871ರಿಂದ ಈಚಿನ ಇಡೀ ದೇಶದ ಮಳೆಯ ಒಂದು ಸಾಲನ್ನು ಕಟ್ಟಿದರು. ಆ ಸಾಲಿನಲ್ಲಿ ಆಳವಾಗಿ ಕುಸಿದ ವರ್ಷಗಳನ್ನು ನೋಡಿದರೆ 1877, 1899, 1918, 1972, 1982, 1987 ಎಲ್ಲವೂ ಶಾಂತಸಾಗರ ಬಿಸಿಯೇರಿದ ವರ್ಷಗಳೇ. ಧಾತು ಈಶ್ವರ ಬರಕ್ಕೆ ಕೊನೆಗೂ ಕಾರಣ ಸಿಕ್ಕಿತ್ತು.

1987ರ ಬರ ದೇಶವನ್ನು ನಡುಗಿಸಿದ ಮೇಲೆ ಹೊಸ ಮಾದರಿ ಬೇಕೆಂಬ ಒತ್ತಾಯ ಬಂತು. ವಿಜ್ಞಾನಿ ವಸಂತ ಗೋವಾರಿಕರ್ ನೇತೃತ್ವದಲ್ಲಿ 16 ಅಂಶಗಳ ಮಾದರಿ ಸಿದ್ಧವಾಯಿತು. ಯುರೇಷ್ಯಾದ ಹಿಮ, ಹಿಮಾಲಯದ ಹಿಮ, ಎಲ್ ನಿನೊ, ಡಾರ್ವಿನ್ ಮತ್ತು ಅರ್ಜೆಂಟೈನಾದ ವಾಯುಭಾರ, ಉತ್ತರ ಭಾರತದ ಬೇಸಗೆ ಬಿಸಿ, ವಾಯುಮಂಡಲದ ಬೇರೆ ಬೇರೆ ಎತ್ತರದ ಗಾಳಿ, ಇವೆಲ್ಲ ಅದರಲ್ಲಿದ್ದವು. 1988ರಲ್ಲಿ ಅದು ಒಳ್ಳೆಯ ಮಳೆ ಎಂದಿತು, ಭರ್ಜರಿ ಮಳೆಯಾಯಿತು. ಮುಂದೆ ವರ್ಷ ವರ್ಷವೂ ವಾಡಿಕೆ ಮಳೆ ಎಂದಿತು, ವರ್ಷ ವರ್ಷವೂ ಹೆಚ್ಚುಕಡಿಮೆ ಹಾಗೇ ಆಯಿತು. ರಾಷ್ಟ್ರೀಯ ಹೆಮ್ಮೆಯ ವಿಷಯವೆಂದು ಪತ್ರಿಕೆಗಳು ಹೊಗಳಿದವು. 1988ರಿಂದ 2001ರವರೆಗೆ ದೇಶಕ್ಕೆ ಬರವೇ ಬರಲಿಲ್ಲ. ಅಂಥ 14 ವರ್ಷಗಳಲ್ಲಿ ಯಾವ ಲೆಕ್ಕವೂ ಇಲ್ಲದೆ ಪ್ರತಿ ವರ್ಷ ವಾಡಿಕೆ ಮಳೆ ಎಂದು ಬರೆದಿಟ್ಟವನ ಮಾತೂ ಅಷ್ಟೇ ನಿಜವಾಗುತ್ತಿತ್ತು ಎಂಬುದನ್ನು ಆಗ ಕೇಳಿದವರು ಕಡಿಮೆ. ಮಾದರಿಯೊಂದರ ಯೋಗ್ಯತೆ ಗೊತ್ತಾಗುವುದು ಬರದ ವರ್ಷದಲ್ಲಿ. ನಡುವೆ 1997ರಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲಿ ಒಂದು ಬಂದಾಗ ಎಲ್ಲರೂ ಬರ ಎಂದು ಹೆದರಿದ್ದರು. ಮಳೆ ವಾಡಿಕೆಯ ಶೇ 102ರಷ್ಟಾಯಿತು. ಎಲ್ ನಿನೊ ಮತ್ತು ಮುಂಗಾರಿನ ನಂಟು ಸಡಿಲವಾಗುತ್ತಿದೆಯೇ ಎಂದು 1999ರಲ್ಲಿ ಕೃಷ್ಣಕುಮಾರ್, ಬಾಲಾಜಿ ರಾಜಗೋಪಾಲನ್ ಮತ್ತು ಮಾರ್ಕ್ ಕೇನ್ ಪ್ರಶ್ನೆ ಎತ್ತಿದರು.

2002ರಲ್ಲಿ ಉತ್ತರ ಸಿಕ್ಕಿತು. ವಾಡಿಕೆಯ ಶೇ 101ರಷ್ಟು ಮಳೆ ಎಂದು ಇಲಾಖೆ ಹೇಳಿತ್ತು. ಜೂನ್ ಹೇಗೋ ಸಾಗಿತು. ಜುಲೈ ತಿಂಗಳು, ಬಿತ್ತಿದ ಪೈರು ನೀರಿಗೆ ಬಾಯಿ ಬಿಡುವ ತಿಂಗಳು, ಬರಬೇಕಾದ ಮಳೆಯಲ್ಲಿ ಸುಮಾರು ಅರ್ಧದಷ್ಟು ಬರಲೇ ಇಲ್ಲ. ಋತು ಮುಗಿದಾಗ ಲೆಕ್ಕ ಶೇ 81ಕ್ಕೆ ನಿಂತಿತು. ಆ ವರ್ಷದ ಎಲ್ ನಿನೊ 1997ರದಕ್ಕಿಂತ ಬಹಳ ದುರ್ಬಲವಾಗಿತ್ತು. 16 ಅಂಶಗಳ ಮಾದರಿಯನ್ನು ಕೈಬಿಟ್ಟು ಮರುವರ್ಷ ಕಡಿಮೆ ಅಂಶಗಳ ಹೊಸ ಮಾದರಿಗಳನ್ನು ತಂದರು. 2004ರಲ್ಲಿ ಅವೂ ಶೇ 100 ಎಂದವು. ಬಂದದ್ದು ಶೇ 87. 2005ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಹವಾಮಾನ ವಿಜ್ಞಾನಿಗಳಾದ ಸುಲೋಚನಾ ಗಾಡ್ಗೀಳ್, ಎಂ. ರಾಜೀವನ್ ಮತ್ತು ರವಿ ನಂಜುಂಡಯ್ಯ ಒಂದು ಲೇಖನ ಬರೆದರು. 1932ರಿಂದ ಏಳು ದಶಕಗಳಲ್ಲಿ ಇಲಾಖೆ ಕೊಟ್ಟ ಮುನ್ಸೂಚನೆಗಳ ಗುಣಮಟ್ಟ ಸುಧಾರಿಸಿಲ್ಲ ಎಂಬುದು ಅದರ ಸಾರ. ಬರೆದವರೆಲ್ಲ ಹೊರಗಿನ ಟೀಕಾಕಾರರಲ್ಲ. ರಾಜೀವನ್ ಸ್ವತಃ ಆಗ ಇಲಾಖೆಯ ವಿಜ್ಞಾನಿಯಾಗಿದ್ದರು. ವಾಕರ್ 1914ರಲ್ಲಿ ತನ್ನ ವಿಧಾನದ ಮೇಲೆ ತಾನೇ ಮಾಡಿಕೊಂಡ ಪರೀಕ್ಷೆಯ ನಿಜವಾದ ವಾರಸುದಾರಿಕೆ ಈ ಲೇಖನದಲ್ಲಿ ಕಾಣುತ್ತದೆ.

1997ರ ಒಗಟಿಗೂ 2002ರ ಒಗಟಿಗೂ ಒಳ್ಳೆಯ ಸುಳಿವು ನಮ್ಮ ಹಿತ್ತಲಿನ ಸಾಗರದಲ್ಲೇ ಸಿಕ್ಕಿತು. ಅದರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ದೊಡ್ಡ ಪಾಲಿದೆ. 1999ರಲ್ಲಿ ಎನ್. ಎಚ್. ಸಾಜಿ, ಬಿ. ಎನ್. ಗೋಸ್ವಾಮಿ, ಪಿ. ಎನ್. ವಿನಯಚಂದ್ರನ್ ಮತ್ತು ಜಪಾನಿನ ತೋಶಿಯೊ ಯಮಗಾಟ ಹಿಂದೂ ಮಹಾಸಾಗರದಲ್ಲೂ ಒಂದು ದ್ವಿಧ್ರುವವಿದೆ ಎಂದು ತೋರಿಸಿದರು: ಕೆಲವು ವರ್ಷ ಆಫ್ರಿಕಾ ಕಡೆಯ ನೀರು ಬಿಸಿಯೇರುತ್ತದೆ, ಸುಮಾತ್ರಾ ಕಡೆಯದು ತಣ್ಣಗಾಗುತ್ತದೆ, ಕೆಲವು ವರ್ಷ ತಿರುವುಮುರುವು. ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು 2003–04ರಲ್ಲಿ ಇದನ್ನು ಸಮಭಾಜಕದ ಮೇಲಿನ ಮೋಡಗಳ ಕಣ್ಣಿನಿಂದ ನೋಡಿದರು. ಸಾಗರದ ಪಶ್ಚಿಮದಲ್ಲಿ ಮೋಡ ದಟ್ಟವಾಗಿ ಪೂರ್ವದಲ್ಲಿ ತೆಳುವಾದ ವರ್ಷ ನಮಗೆ ಅನುಕೂಲ. ಅದು ತಿರುಗಿದರೆ ಪ್ರತಿಕೂಲ. ಎಲ್ ನಿನೊ ಸ್ಥಿತಿಯನ್ನೂ ಇದನ್ನೂ ಜೊತೆಗಿಟ್ಟು ನೋಡಿದಾಗ ತೀವ್ರ ಬರ ಮತ್ತು ಅತಿವೃಷ್ಟಿಯ ವರ್ಷಗಳು ಬೇರೆ ಬೇರೆಯಾಗಿ ಸಾಲುಗಟ್ಟಿ ನಿಂತವು. 1997ರಲ್ಲಿ ಶಾಂತಸಾಗರ ಕೆಡಿಸಿದ್ದನ್ನು ಹಿಂದೂ ಮಹಾಸಾಗರ ಸರಿದೂಗಿಸಿತ್ತು. 2002ರಲ್ಲಿ ಎರಡೂ ನಮ್ಮ ವಿರುದ್ಧ ನಿಂತಿದ್ದವು.

ತೊಂದರೆಯೆಂದರೆ ಹಿಂದೂ ಮಹಾಸಾಗರದ ಈ ಸ್ಥಿತಿ ಗಟ್ಟಿಯಾಗುವುದು ಮುಂಗಾರಿನ ಜೊತೆಜೊತೆಗೇ. ಏಪ್ರಿಲ್‌ನಲ್ಲಿ ಅದನ್ನು ಅಳೆದು ಸಮೀಕರಣಕ್ಕೆ ಹಾಕಲಾಗದು. 2009ರಲ್ಲಿ ಏಪ್ರಿಲ್‌ನಲ್ಲಿ ಶೇ 96 ಎಂದು, ಜೂನ್‌ನಲ್ಲಿ ಶೇ 93 ಎಂದು ತಿದ್ದಿಕೊಂಡ ಮೇಲೂ ಬಂದದ್ದು ಶೇ 78. ಆ ನಂತರ 2012ರಲ್ಲಿ ಮಾನ್ಸೂನ್ ಮಿಷನ್ ಆರಂಭವಾಗಿ, ಸಾಗರವನ್ನೂ ವಾಯುಮಂಡಲವನ್ನೂ ಒಟ್ಟಿಗೆ ಗಣಕದಲ್ಲಿ ನಡೆಸುವ ಭೌತಿಕ ಮಾದರಿಗಳು ಪುಣೆಯಲ್ಲಿ ಬೆಳೆದವು. 2021ರಿಂದ ಹಲವು ದೇಶಗಳ ಮಾದರಿಗಳ ಒಟ್ಟು ಫಲಿತಾಂಶವನ್ನು ಇಲಾಖೆ ಬಳಸುತ್ತಿದೆ.

ಇಷ್ಟೆಲ್ಲ ಆದರೂ ಇಡೀ ದೇಶದ ಒಂದು ಅಂಕಿ ರೈತನ ಕೈಗೆ ಬಂದಾಗ ಅದರಿಂದ ಅವನಿಗೆ ಆಗುವುದೇನು? ಈ ಪ್ರಶ್ನೆಯನ್ನು ಸುಲೋಚನಾ ಗಾಡ್ಗೀಳ್ ಪಾವಗಡ–ಅನಂತಪುರ ಸೀಮೆಯ ಕಡಲೆಕಾಯಿ ಬೆಳೆಗಾರರ ಜೊತೆ ಕೂತು ಕೇಳಿದರು. ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕಿಯೊಬ್ಬರು ತಮ್ಮ ಸಾಗರದ ನಕ್ಷೆಗಳನ್ನು ಬದಿಗಿಟ್ಟು ಹೊಲದ ಬದುವಿಗೆ ಬಂದದ್ದು ಈ ಚರಿತ್ರೆಯಲ್ಲಿ ನನಗೆ ಅತಿ ಪ್ರಿಯವಾದ ಅಧ್ಯಾಯ. ಆ ಸೀಮೆಯಲ್ಲಿ ಮಳೆಯೇ ಕಡಿಮೆ, ಹೆಚ್ಚಿನ ಮಳೆ ಬರುವುದೂ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಋತುವಿನ ಒಟ್ಟು ಮಳೆ ವಾಡಿಕೆಯಷ್ಟಿದ್ದರೂ ಹೂ ಕಚ್ಚಿ, ಊಡು ನೆಲಕ್ಕಿಳಿದು ಕಾಯಿ ಕಟ್ಟುವ ಹೊತ್ತಿಗೆ ಒಣ ಹವೆ ಹಿಡಿದರೆ ಬೆಳೆ ಹೋದಂತೆಯೇ. ಹಾಗಾಗಿ ಅಲ್ಲಿನವರಿಗೆ ಬೇಕಿದ್ದ ಉತ್ತರ ಎಷ್ಟು ಮಳೆ ಎಂಬುದಲ್ಲ, ಯಾವಾಗ ಬಿತ್ತಬೇಕು ಎಂಬುದು. ದಶಕಗಳ ದಿನವಹಿ ಮಳೆ ದಾಖಲೆಯನ್ನು ಕಡಲೆಕಾಯಿ ಬೆಳೆಯ ಗಣಕ ಮಾದರಿಗೆ ಊಡಿಸಿ, ಈ ವಾರ ಬಿತ್ತಿದ್ದರೆ ಇಷ್ಟು ವರ್ಷಗಳಲ್ಲಿ ಎಷ್ಟು ವರ್ಷ ಬೆಳೆ ಕೈಗೆ ಬರುತ್ತಿತ್ತು, ಮುಂದಿನ ವಾರ ಬಿತ್ತಿದ್ದರೆ ಎಷ್ಟು ವರ್ಷ ಎಂದು ಲೆಕ್ಕ ಹಾಕಿದರು. ಎಲ್ ನಿನೊ ಬಂತೋ ಇಲ್ಲವೋ ಎಂಬ ಪ್ರಶ್ನೆ ಇತ್ಯರ್ಥವಾಗದಿದ್ದರೂ ಇಂಥ ಲೆಕ್ಕ ರೈತನಿಗೆ ಕೆಲಸಕ್ಕೆ ಬರುತ್ತದೆ.

2023ನೇ ಇಸವಿಯನ್ನು ನೋಡಿ. ಎಲ್ ನಿನೊ ಬರುವ ಸೂಚನೆ ಬೇಸಗೆಯಲ್ಲೇ ಇತ್ತು. ಏಪ್ರಿಲ್‌ನಲ್ಲಿ ಇಲಾಖೆ ಶೇ 96 ಎಂದಿತು, ಮುಖಪುಟಗಳಲ್ಲಿ ವಾಡಿಕೆ ಮಳೆ ಎಂದು ಅಚ್ಚಾಯಿತು. ಆದರೆ ಅದೇ ಪ್ರಕಟಣೆಯಲ್ಲಿ ಒಂದು ಕೋಷ್ಟಕವೂ ಇತ್ತು. ವಾಡಿಕೆ ಮಳೆಯ ಸಂಭವ ಶೇ 35, ವಾಡಿಕೆಗಿಂತ ಕಡಿಮೆಯಾಗುವ ಸಂಭವ ಶೇ 29, ತೀವ್ರ ಕೊರತೆಯ ಸಂಭವ ಶೇ 22. ಕೊನೆಯ ಎರಡನ್ನು ಕೂಡಿ: ಮಳೆ ಕಡಿಮೆಯಾಗುವ ಸಂಭವವೇ ಅರ್ಧಕ್ಕಿಂತ ಹೆಚ್ಚು. ಇಲಾಖೆ ಏನನ್ನೂ ಮುಚ್ಚಿಟ್ಟಿರಲಿಲ್ಲ. ಕೋಷ್ಟಕವನ್ನು ಓದಿ ಹೇಳಿದವರು ಕಡಿಮೆ. ಆ ವರ್ಷದ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಆಯಿತು. ಕರ್ನಾಟಕ ತನ್ನ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿತು.

ಕನ್ನಡದ ಪತ್ರಿಕೆ, ವಾಹಿನಿಗಳವರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಏಪ್ರಿಲ್‌ನಲ್ಲಿ ಮುಂಗಾರು ಮುನ್ಸೂಚನೆ ಬಂದಾಗ ತಲೆಬರಹದ ಒಂದು ಅಂಕಿಯ ಕೆಳಗೆ ಆ ಐದು ಸಾಲಿನ ಕೋಷ್ಟಕವನ್ನೂ ಪೂರ್ತಿಯಾಗಿ, ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಅಚ್ಚುಹಾಕಿ. ಬಿತ್ತನೆ ಬೀಜಕ್ಕೆ ಸಾಲ ಮಾಡುವ ಮುನ್ನ ರೈತರು ಅದನ್ನು ನೋಡಲಿ.